ಪದಚರ್ಚೆ: ‘ಡ್ರೈ’ ವೈನ್ ಅಂದರೆ ಒಣ ವೈನಾ? ಒಗರು, ಚೊಗರು, ತೊಗರು ಬಲ್ಲವರು ಹೇಳಿ

ಎಲ್ಲರಿಗೂ ನಮಸ್ಕಾರ.

ಮೂರು ವಾರದಿಂದ ಒಂದು ಪದ ತಲೆ ತಿನ್ನುತ್ತಿದೆ. ‘ಡ್ರೈ’. ಡ್ರೈ ಕ್ಲೀನಿಂಗ್ ಅಲ್ಲ, ಚುನಾವಣೆ ಬಂದಾಗಿನ ಡ್ರೈ ಡೇ ಅಲ್ಲ. ವೈನ್ ಬಾಟಲಿಯ ಮೇಲಿನ ಡ್ರೈ, ಅಂದರೆ ಸಿಹಿ ಇಲ್ಲದ್ದು.

ಹಿನ್ನೆಲೆ ಇಷ್ಟು. ನಂದಿ ಬೆಟ್ಟದ ತಪ್ಪಲಿನ ಒಂದು ದ್ರಾಕ್ಷಿ ತೋಟದಲ್ಲಿ, ನೋಡಲು ಬಂದವರಿಗೆ ವೈನ್ ರುಚಿ ತೋರಿಸುತ್ತಾರೆ. ಐದು ಲೋಟ, ಒಂದೊಂದರಲ್ಲಿ ಎರಡು ಗುಟುಕು. ಅಲ್ಲಿ ಕೊಡುವ ಇಂಗ್ಲಿಷ್ ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಇರೋದೇ ಎರಡು ಪುಟ, ಒಂದು ಸಂಜೆಯ ಕೆಲಸ ಅಂದುಕೊಂಡೆ.

ಮೊದಲ ಕರಡಿನಲ್ಲಿ ಡ್ರೈ ವೈನ್‌ಗೆ ‘ಒಣ ದ್ರಾಕ್ಷಾರಸ’ ಎಂದು ಬರೆದೆ. ಫ್ರೆಂಚರು ‘ಸೆಕ್’ ಅನ್ನುತ್ತಾರೆ, ಇಟಲಿಯವರು ‘ಸೆಕ್ಕೋ’, ಜರ್ಮನರು ‘ಟ್ರೋಕನ್’. ಎಲ್ಲದರ ಅರ್ಥವೂ ಒಣ ಅಂತಲೇ. ಅವರಿಗೆ ನಡೆಯುವುದು ನಮಗೇಕೆ ನಡೆಯಬಾರದು? ಕರಡನ್ನು ಅಕ್ಕನಿಗೆ ಓದಲು ಕೊಟ್ಟೆ. ಅವಳು ಮೂರನೇ ಸಾಲಿಗೇ ತಲೆ ಎತ್ತಿ ಕೇಳಿದಳು: “ಇದು ಒಣದ್ರಾಕ್ಷಿಯಿಂದ ಮಾಡಿದ್ದಾ? ಪಾಯಸಕ್ಕೆ ಹಾಕ್ತೀವಲ್ಲ, ಅದರದ್ದಾ?”

ಸರಿಯಾಗಿಯೇ ಕೇಳಿದಳು. ‘ಒಣ’ದ ಪಕ್ಕ ‘ದ್ರಾಕ್ಷಿ’ ಕೂತರೆ ಕನ್ನಡ ಓದುವವರ ಕಣ್ಣಿಗೆ ಬರುವುದು ವಿಜಯಪುರದ ಒಣದ್ರಾಕ್ಷಿಯೇ. ಇನ್ನೊಂದು ತೊಂದರೆಯೂ ಇದೆ. ನಮ್ಮ ‘ಒಣ’ ಕುಡಿಯುವ ಪದಾರ್ಥದ ಜೊತೆ ಸೇರುವುದೇ ಇಲ್ಲ. ಒಣ ಮೀನು, ಒಣ ಮೆಣಸಿನಕಾಯಿ, ಒಣ ಕೆಮ್ಮು. ಅರ್ಥ ಸ್ವಲ್ಪ ಜಾರಿದರೆ ಒಣ ಜಂಬ, ಒಣ ಹರಟೆ, ಒಣ ವೇದಾಂತ. ಅಂದರೆ ಒಳಗೆ ತಿರುಳಿಲ್ಲದ್ದು. ದುಡ್ಡು ಕೊಟ್ಟು ಕೊಂಡ ಬಾಟಲಿಯನ್ನು ಯಾರಾದರೂ ಹಾಗೆ ಕರೀತಾರಾ?

ತಮಾಷೆ ಅಂದರೆ ಒಣದ್ರಾಕ್ಷಿಯ ವೈನ್ ನಿಜವಾಗಿಯೂ ಇದೆ. ಇಟಲಿಯ ವೆರೋನಾ ಊರಿನ ಪಕ್ಕ ವಾಲ್ಪೊಲಿಚೆಲ್ಲಾ ಎಂಬ ಸೀಮೆ. ಅಲ್ಲಿ ಕೊರ್ವಿನಾ ಮೊದಲಾದ ಕಪ್ಪು ದ್ರಾಕ್ಷಿಯ ಗೊಂಚಲುಗಳನ್ನು ಕೊಯ್ದು, ಗಾಳಿಯಾಡುವ ಅಟ್ಟಗಳಲ್ಲಿ ಮೂರು ನಾಲ್ಕು ತಿಂಗಳು ಹರಡಿ ಬಾಡಿಸುತ್ತಾರೆ. ನೀರು ಆರಿ ಸಕ್ಕರೆ ಗಟ್ಟಿಯಾಗುತ್ತದೆ. ಆಮೇಲೆ ಹಿಂಡಿ ಹುದುಗಿಸುತ್ತಾರೆ. ಹುದುಗು ಬರುವುದನ್ನು ನಡುವೆಯೇ ನಿಲ್ಲಿಸಿದರೆ ಸಿಹಿ ಉಳಿಯುತ್ತದೆ, ಅದು ‘ರೆಚೋತೊ’. ಸಕ್ಕರೆಯೆಲ್ಲ ಹುದುಗಿ ಮುಗಿಯುವವರೆಗೆ ಬಿಟ್ಟರೆ ‘ಅಮರೋನೆ’. ಅಂದರೆ ಅಮರೋನೆ ಒಣದ್ರಾಕ್ಷಿಯ ಡ್ರೈ ವೈನ್! ನನ್ನ ಲೆಕ್ಕದಲ್ಲಿ ‘ಒಣ ಒಣದ್ರಾಕ್ಷಾರಸ’ ಅಂತ ಬರೆಯಬೇಕಿತ್ತು. ಆದರೆ ಅಲ್ಲಿಯವರು ಹೆಸರಿಟ್ಟಾಗ ‘ಸೆಕ್ಕೋ’ ಕಡೆಗೆ ಹೋಗಲೇ ಇಲ್ಲ. ‘ಅಮಾರೊ’ ಅಂದರೆ ಕಹಿ. ಅಮರೋನೆ ಅಂದರೆ ಹೆಚ್ಚುಕಮ್ಮಿ ‘ದೊಡ್ಡ ಕಹಿ’. ಸಿಹಿ ಹೋಯಿತು ಅನ್ನುವ ಬದಲು ಸಿಹಿ ಹೋದ ಮೇಲೆ ಎದ್ದು ಬಂದ ರುಚಿಯ ಹೆಸರನ್ನೇ ಇಟ್ಟರು. ಇದನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತೇನೆ.

ಈಗ ‘ಡ್ರೈ’ ಎಂದರೆ ಬಾಟಲಿಯವರಿಗೆ ಏನು ಅರ್ಥ, ಅದನ್ನು ನೋಡೋಣ. ಅದು ಬರೀ ಸಕ್ಕರೆಯ ಲೆಕ್ಕ. ಯುರೋಪಿನ ನಿಯಮದಲ್ಲಿ, ಗುಳ್ಳೆ ಇಲ್ಲದ ಸಾದಾ ವೈನ್‌ನಲ್ಲಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಉಳಿದಿದ್ದರೆ ಡ್ರೈ. ಹುಳಿ ಜಾಸ್ತಿ ಇದ್ದರೆ 9 ಗ್ರಾಂವರೆಗೂ ಬಿಡುತ್ತಾರೆ. ಗುಳ್ಳೆ ಏಳುವ ವೈನ್‌ಗೆ ಬೇರೆಯೇ ಏಣಿ. ಶಾಂಪೇನ್‌ನಲ್ಲಿ ‘ಬ್ರೂಟ್’ ಅಂದರೆ 12 ಗ್ರಾಂಗಿಂತ ಕಮ್ಮಿ. ‘ಎಕ್ಸ್‌ಟ್ರಾ ಡ್ರೈ’ ಅಂದರೆ 12ರಿಂದ 17. ‘ಸೆಕ್’, ಅಂದರೆ ಸಾಕ್ಷಾತ್ ‘ಒಣ’, 17ರಿಂದ 32! ಹೌದು, ಹೆಸರಿನಲ್ಲಿ ಒಣ, ಬಾಯಲ್ಲಿ ಸಿಹಿ. ಹಿಂದೆ ಶಾಂಪೇನ್ ಈಗಿನದ್ದಕ್ಕಿಂತ ತುಂಬಾ ಸಿಹಿಯಾಗಿರುತ್ತಿತ್ತು. ಆ ಕಾಲದ ನಾಲಿಗೆಗೆ 20 ಗ್ರಾಂ ಕೂಡ ‘ಒಣ’. ನಾಲಿಗೆ ಬದಲಾಯಿತು, ಲೇಬಲ್ ಹಾಗೇ ಉಳಿಯಿತು.

ಇದರಲ್ಲಿ ನಾನೇ ಬಿದ್ದಿದ್ದೇನೆ. ಮನೆಗೆ ನೆಂಟರು ಬರುವವರಿದ್ದರು. ಮೀನು ಹುರಿದಿತ್ತು. ಸಿಹಿ ಬೇಡ ಅಂತಲೇ ಆರಿಸಿ ‘ಎಕ್ಸ್‌ಟ್ರಾ ಡ್ರೈ’ ಪ್ರೊಸೆಕ್ಕೋ, ಅಂದರೆ ಇಟಲಿಯ ಗುಳ್ಳೆ ಏಳುವ ವೈನ್, ತಂದೆ. ಪಕ್ಕದ ಬ್ರೂಟ್ ಬಾಟಲಿಯನ್ನು, ಡ್ರೈ ಅಂತ ಬರೆದಿಲ್ಲವಲ್ಲ ಎಂದು ಬಿಟ್ಟು ಬಂದಿದ್ದೆ. ಭಾವ ಒಂದು ಗುಟುಕು ಕುಡಿದು, “ಗೋಲಿ ಸೋಡಾಕ್ಕೆ ಸಕ್ಕರೆ ಹಾಕಿದ್ಯಾ?” ಅಂದರು.

ಆದರೆ ನನ್ನ ನಿಜವಾದ ಗೋಜಲು ಇದಲ್ಲ. ತೋಟದಲ್ಲಿ ಒಂದು ಶನಿವಾರ ಸುಮ್ನೆ ಮೂಲೆಯಲ್ಲಿ ಕೂತು, ಬಂದವರು ಏನು ಮಾತಾಡುತ್ತಾರೆ ಅಂತ ಕೇಳಿಸಿಕೊಂಡೆ. ಮೂರನೇ ಲೋಟ ಕ್ಯಾಬರ್ನೆ ಸೊವಿನ್ಯೋಂ ಎಂಬ ಕೆಂಪು ವೈನ್. ಕುಡಿದವರೆಲ್ಲ ತುಟಿ ಒಳಗೆಳೆದುಕೊಂಡು, “ಅಬ್ಬಾ, ತುಂಬಾ ಡ್ರೈ” ಅಂದರು. ಅವರು ಸಕ್ಕರೆಯ ಮಾತು ಆಡುತ್ತಿರಲಿಲ್ಲ. ಬಾಯಿ ಒಣಗಿತು ಅನ್ನುತ್ತಿದ್ದರು. ಅದಕ್ಕಿಂತ ಮೊದಲು ಕೊಟ್ಟ ಬಿಳಿ ವೈನ್ ಸೊವಿನ್ಯೋಂ ಬ್ಲಾಂಕ್‌ನಲ್ಲೂ ಸಕ್ಕರೆ ಇರಲಿಲ್ಲ, ಅದನ್ನು ಯಾರೂ ಡ್ರೈ ಅನ್ನಲಿಲ್ಲ. “ಹುಳಿ ಹುಳಿ, ಚೆನ್ನಾಗಿದೆ” ಅಂದರು.

ಅದೇ ಮೇಜಿನಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೂತಿದ್ದರು. ಮಗಳ ಒತ್ತಾಯಕ್ಕೆ ಬಂದವರು. ಅವರು ಕ್ಯಾಬರ್ನೆಯನ್ನು ಬಾಯಲ್ಲಿ ಒಮ್ಮೆ ತಿರುಗಿಸಿ, ನುಂಗಿ, ನಾಲಿಗೆಯನ್ನು ಹಲ್ಲಿಗೆ ಉಜ್ಜಿಕೊಂಡು ಹೇಳಿದರು: “ಚೊಗರು ಇದ್ದಂಗಿದೆ ಮಾರಾಯ್ರೆ.”

ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ: ಎಳೆ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಒಂದರ ಮೇಲೊಂದು ಸಲ ಅದೇ ನೀರಿನಲ್ಲಿ ಬೇಯಿಸಿದಾಗ ನೀರು ಕೆಂಪು ಕಂದಾಗಿ ಗಟ್ಟಿಯಾಗುತ್ತದೆ. ಅದು ಚೊಗರು. ಅಡಿಕೆಗೆ ಬಣ್ಣ ಕೊಡಲು ಅದನ್ನೇ ಬಳಸುತ್ತಾರೆ. ಅದರಲ್ಲಿ ತುಂಬಿರುವುದು ಟ್ಯಾನಿನ್. ಕೆಂಪು ವೈನ್‌ನಲ್ಲಿ ಬಾಯಿ ಹಿಡಿಯುವುದೂ ಅದೇ ಜಾತಿಯದ್ದು. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದ ಬರುತ್ತದೆ. ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುದುಗಿಸುವುದರಿಂದ ಅದರಲ್ಲಿ ಜಾಸ್ತಿ. ಬಿಳಿ ವೈನ್‌ಗೆ ರಸ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ, ಹಾಗಾಗಿ ಕಮ್ಮಿ. ಈ ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಬಾಯಲ್ಲಿ ಜಾರಿಕೆ ಹೋಗಿ ತರಿತರಿ ಅನ್ನಿಸುತ್ತದೆ. ಹಾಲು ಹಾಕದ ಕಡು ಟೀ ಕುಡಿದು ನೋಡಿ, ಆಮೇಲೆ ಅದಕ್ಕೇ ಒಂದು ಚಮಚ ಹಾಲು ಹಾಕಿ ನೋಡಿ. ಹಾಲಿನ ಪ್ರೋಟೀನ್ ಟ್ಯಾನಿನ್ನನ್ನು ಹಿಡಿದಿಟ್ಟು ನಿಮ್ಮ ಬಾಯನ್ನು ಬಿಟ್ಟುಬಿಡುತ್ತದೆ. ಕ್ಯಾಬರ್ನೆ ಜೊತೆ ಚೀಸ್, ಮಾಂಸ ಇಡುವುದೂ ಇದೇ ಲೆಕ್ಕದಲ್ಲಿ.

ಆ ಯಜಮಾನರ ಒಂದು ಮಾತು ನನ್ನ ಕರಪತ್ರದ ಅರ್ಧ ಗಂಟು ಬಿಡಿಸಿತು. ಇಂಗ್ಲಿಷಿನಲ್ಲಿ ಮಾತಾಡುವ ವೈನ್‌ಪ್ರಿಯರು ‘ಡ್ರೈ’ ಎಂಬ ಒಂದೇ ಪದದಲ್ಲಿ ಎರಡು ಸಂಗತಿ ತುರುಕಿ ಗೊಂದಲ ಮಾಡಿಕೊಂಡಿದ್ದಾರೆ: ಸಕ್ಕರೆ ಇಲ್ಲದಿರುವುದು, ಬಾಯಿ ಒಣಗುವುದು. ನಮಗೆ ಎರಡನೆಯದಕ್ಕೆ ಮನೆಮನೆಯ ಪದ ಇದೆ. ಒಗರು. ಬಾಳೆಕಾಯಿ, ನೇರಳೆ, ಎಳೆ ಪೇರಲೆ ಕಚ್ಚಿದ ಮಗುವಿಗೂ ಗೊತ್ತು. ಹಾಗಿರುವಾಗ ಸಕ್ಕರೆಯ ಲೆಕ್ಕಕ್ಕೆ ‘ಒಣ’ ಎಂದು ಬರೆದರೆ, ನಮ್ಮಲ್ಲಿ ಇಲ್ಲದ ಗೊಂದಲವನ್ನು ನಾವೇ ಆಮದು ಮಾಡಿಕೊಂಡ ಹಾಗೆ. ಕರಪತ್ರದಲ್ಲಿ ಟ್ಯಾನಿನ್‌ಗೆ ‘ಒಗರು’ ಎಂದೇ ಹಾಕಿದ್ದೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ‘ಕಷಾಯ ರಸ’ ಅಂತ ಹಾಕಿ ಎಂದು ಒಬ್ಬರು ಸೂಚಿಸಿದರು. ಷಡ್ರಸಗಳ ಲೆಕ್ಕದಲ್ಲಿ ಅದು ಸರಿ. ಆದರೆ ಕಷಾಯ ಅಂದರೆ ನಮಗೆ ನೆಗಡಿ ಬಂದಾಗ ಕುಡಿಯುವ ಶುಂಠಿ ಮೆಣಸಿನ ನೀರು. ರಜೆಯ ದಿನ ಅಷ್ಟು ದೂರ ಬಂದವರಿಗೆ ಅದನ್ನು ನೆನಪಿಸುವುದು ಬೇಡ.

ಉಳಿದದ್ದು ಮೊದಲನೆಯದು, ಸಕ್ಕರೆ ಇಲ್ಲದ್ದು. ‘ಸಪ್ಪೆ’ ನೋಡಿದೆ. ಸಪ್ಪೆ ಕಾಫಿ ಅಂತೀವಿ, ಕರಾವಳಿಯಲ್ಲಿ ‘ಚಪ್ಪೆ’. ಆದರೆ ಸಪ್ಪೆ ಅಂದರೆ ಬೇಕಾದದ್ದು ಇಲ್ಲ ಎಂಬ ದೂರು. ಡ್ರೈ ವೈನ್‌ನಲ್ಲಿ ಏನೂ ಕಮ್ಮಿಯಾಗಿರುವುದಿಲ್ಲ. ‘ನಿಸ್ಸಿಹಿ’ ಅಂತ ಒಬ್ಬ ಗೆಳೆಯ ಕಟ್ಟಿಕೊಟ್ಟ. ಬಾಯಿಬಿಟ್ಟು ಹೇಳಿ ನೋಡಿ, ಸೀನಿದ ಹಾಗೆ ಕೇಳುತ್ತದೆ. ‘ಸಿಹಿ ಇಲ್ಲದ’ ಎನ್ನಬಹುದು. ತಪ್ಪಿಲ್ಲ, ಮಜವೂ ಇಲ್ಲ.

ಇಲ್ಲಿ ಅಮರೋನೆ ನೆನಪಾಯಿತು. ನಮ್ಮ ಅಡುಗೆಮನೆಯೂ ಹಾಗೇ ಅಲ್ವಾ? ಇಲ್ಲದ ರುಚಿಯನ್ನು ನಾವು ಹೆಸರಿಸುವುದಿಲ್ಲ, ಎದ್ದು ಕಾಣುವುದನ್ನು ಹೆಸರಿಸುತ್ತೇವೆ. “ಸಾರಿಗೆ ಹುಳಿ ಒಂಚೂರು ಮುಂದಾಯ್ತು”, “ಉಪ್ಪು ಮುಂದು”. ಕಳ್ಳಿನಲ್ಲೂ ಸಿಹಿ ಕಳ್ಳು, ಹುಳಿ ಕಳ್ಳು. ‘ಸಿಹಿ ಇಲ್ಲದ ಕಳ್ಳು’ ಅಂತ ಯಾರೂ ಅನ್ನುವುದಿಲ್ಲ. ಹಾಗಾದರೆ ಸೊವಿನ್ಯೋಂ ಬ್ಲಾಂಕ್ ‘ಹುಳಿ ಮುಂದಾದ’ ವೈನ್, ಕ್ಯಾಬರ್ನೆ ‘ಒಗರು ಮುಂದಾದ’ ವೈನ್. ಲೇಬಲ್ಲಿನ ‘ಡ್ರೈ’ಯನ್ನು ಡ್ರೈ ಎಂದೇ ಬಿಟ್ಟು, ವಿವರಣೆಯಲ್ಲಿ ಹೀಗೆ ಬರೆಯುವುದು ಅಂತ ಸದ್ಯದ ತೀರ್ಮಾನ. ಒಂದೇ ಅಳುಕು: ‘ಮುಂದು’ ಅಂದರೆ ಹದ ತಪ್ಪಿದೆ ಎಂಬ ಆಕ್ಷೇಪವೂ ಅದರಲ್ಲಿ ಇದೆಯಾ? ಹಳೇ ಮೈಸೂರು ಸೀಮೆಯ ನನ್ನ ಕಿವಿಗೆ ಅರ್ಧ ಹಾಗೆ, ಅರ್ಧ ಹಾಗಲ್ಲ. ನಿಮ್ಮ ಕಡೆ ಹೇಗೆ?

ಉಳಿದ ಪದಗಳು ಅಷ್ಟು ಕಾಡಲಿಲ್ಲ. ಬಾಟಲಿಯ ಬಿರಡೆ ಕೆಟ್ಟು ವೈನ್‌ಗೆ ಬರುವ ಒದ್ದೆ ಗೋಣಿಯಂಥ ವಾಸನೆಗೆ ‘ಮುಗ್ಗಲು’, ಹುಡುಕುವ ಮೊದಲೇ ಸಿಕ್ಕಿತು. ವೈನ್ ಬಾಯಲ್ಲಿ ಎಷ್ಟು ತೆಳು, ಎಷ್ಟು ಗಟ್ಟಿ ಅನ್ನಿಸುತ್ತದೆ ಅನ್ನುವ ‘ಬಾಡಿ’ಗೆ ಮೈ, ದೇಹ ಎಲ್ಲ ಬೇಡ. ತಿಳಿ ಸಾರು, ಮಂದ ಮಜ್ಜಿಗೆ ಇರುವಾಗ ‘ತಿಳಿ’, ‘ಮಂದ’ ಸಾಕು. ಕೆಂಪು ವೈನ್‌ಗಳಲ್ಲಿ ಪಿನೋ ನ್ವಾರ್ ತಿಳಿ, ಶಿರಾಜ್ ಮಂದ. (ಶಿರಾಜ್‌ನಲ್ಲಿ ಕರಿಮೆಣಸಿನ ಘಮ ಬರುತ್ತದೆ ಅಂದರೆ ಅದು ಬರೀ ಹೋಲಿಕೆ ಅಲ್ಲ. ರೊಟುಂಡೋನ್ ಎಂಬ ಒಂದೇ ಪದಾರ್ಥ ಎರಡರಲ್ಲೂ ಇದೆ.) ಬೆಂಗಳೂರು ಬ್ಲೂ ದ್ರಾಕ್ಷಿಯ ಆ ಗಾಢ ಜ್ಯೂಸ್ ವಾಸನೆಗೆ ಇಂಗ್ಲಿಷಿನವರು ‘ನರಿತನ’ ಎಂಬರ್ಥದ ಪದ ಬಳಸುತ್ತಾರೆ. ನಮ್ಮಲ್ಲಿ ನರಿಗೂ ದ್ರಾಕ್ಷಿಗೂ ಬೇರೆಯೇ ಕಥೆ ಇರುವುದರಿಂದ ಅದನ್ನು ಮುಟ್ಟಲಿಲ್ಲ.

ತುಂಬಾ ಖುಷಿ ಕೊಟ್ಟದ್ದು ‘ತೆರ್ವಾರ್’ ಎಂಬ ಫ್ರೆಂಚ್ ಪದ. ನೆಲ, ಇಳಿಜಾರು, ಬಿಸಿಲು, ಮಳೆ ಎಲ್ಲ ಸೇರಿ ವೈನ್‌ಗೆ ಕೊಡುವ ಗುಣ. ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಅಕ್ಕಪಕ್ಕದ ಎರಡು ತುಂಡು ಹೊಲದ ಪಿನೋ ನ್ವಾರ್‌ಗೇ ಬೇರೆ ಹೆಸರು, ಬೇರೆ ಬೆಲೆ. ಇದಕ್ಕೆ ‘ಸೊಗಡು’ ಅಲ್ಲದೆ ಇನ್ನೇನು? ‘ಮಣ್ಣಿನ ಸೊಗಡು’ ಪತ್ರಿಕೆಗಳಲ್ಲಿ ಸವೆದುಹೋಗಿದೆ, ನಿಜ. ಆದರೆ ಡಿಸೆಂಬರ್ ಚಳಿಯಲ್ಲಿ ಸೊಗಡವರೆ ಕೊಂಡವರನ್ನು ಕೇಳಿ. ಬೆರಳಿಗೆ ಅಂಟುವ ಆ ಜಿಡ್ಡು, ಆ ಘಮ. ಇಬ್ಬನಿ ಬೀಳದಿದ್ದರೆ ಸೊಗಡು ಕಟ್ಟುವುದಿಲ್ಲ ಅನ್ನುತ್ತಾರೆ ಬೆಳೆಯುವವರು. ತೆರ್ವಾರ್ ಅನ್ನುವ ಫ್ರೆಂಚ್ ರೈತ ಹೇಳುವುದೂ ಇದನ್ನೇ.

‘ಫಿನಿಶ್’ ಮಾತ್ರ ಇನ್ನೂ ಖಾಲಿ. ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಾದರೂ ಹೆಸರಿದೆಯಾ? ‘ಹಿಂರುಚಿ’ ಅಂತೆಲ್ಲ ಹೊಸದಾಗಿ ಕಟ್ಟಿಕೊಡಬೇಡಿ ದಯವಿಟ್ಟು. ಅಜ್ಜಿ ಅಂದದ್ದು ಇದ್ದರೆ ಹೇಳಿ.

ಕೊನೆಯದಾಗಿ, ನಿಜವಾಗಿ ಬರೆಯಲು ಕೂತ ಪ್ರಶ್ನೆ. ಅಡಿಕೆ ಬೇಯಿಸಿದ ನೀರಿಗೆ ‘ಚೊಗರು’ ಅನ್ನುವುದನ್ನೂ ಕೇಳಿದ್ದೇನೆ, ‘ತೊಗರು’ ಅನ್ನುವುದನ್ನೂ ಕೇಳಿದ್ದೇನೆ. ಎರಡೂ ಒಂದೇನಾ, ಇಲ್ಲ ಊರೂರಿಗೆ ಅರ್ಥ ಬೇರೆಯಾ? ತಮಿಳಿನಲ್ಲಿ ಒಗರಿಗೆ ‘ತುವರ್ಪ್ಪು’, ತೆಲುಗಿನಲ್ಲಿ ‘ವಗರು’. ತುವರ್ಪ್ಪಿಗೂ ನಮ್ಮ ತೊಗರಿಗೂ ನಂಟಿರಬೇಕು ಎಂಬುದು ನನ್ನ ಊಹೆ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯವರು ಅಡಿಕೆ ಹಂಡೆಯ ಪಕ್ಕ ನಿಂತು ಕೇಳಿದ್ದನ್ನು ಹಾಗೇ ಬರೆಯಿರಿ. ನಾಲಿಗೆಗೆ ಆಗುವುದು ಒಗರು, ಅದನ್ನು ಮಾಡುವ ಪದಾರ್ಥ ಚೊಗರು ಅಂತ ಬೇರೆ ಬೇರೆ ಇಟ್ಟುಕೊಳ್ಳಬಹುದು ಅಂತಾದರೆ, ಕರಪತ್ರದಲ್ಲಿ ಟ್ಯಾನಿನ್ ಅನ್ನುವ ಪದವನ್ನೇ ತೆಗೆದುಬಿಡುತ್ತೇನೆ. ಅಚ್ಚಿಗೆ ಹೋಗುವುದು ಬರುವ ತಿಂಗಳು.