ಐದು ಜನ, 112 ಮೆಸೇಜು

ಭಾನುವಾರ ಬೆಳಿಗ್ಗೆ 8ಕ್ಕೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಆಮೇಲೆ ದೇವರಾಯನದುರ್ಗ. ಇಷ್ಟೇ ಮಾತು. ಇರೋದೇ ಐದು ಜನ. ಬೆಳಿಗ್ಗೆ ಎದ್ದು ಗ್ರೂಪ್ ತೆಗೆದರೆ 112 ಮೆಸೇಜು. ಅದರಲ್ಲಿ ಮುಕ್ಕಾಲು ಪಾಲು ಸೀನನದೇ. ‘ಎದ್ದೆ.’ ‘ಹಲ್ಲುಜ್ಜಿದೆ.’ ‘ಬೈಕ್ ಒರೆಸ್ತಿದ್ದೀನಿ.’

“ನಿನ್ನ ಬ್ಯಾಟರಿ ಹಾಳಾಗಲಿ, ನಮ್ಮದನ್ನ ಯಾಕೋ ಖಾಲಿ ಮಾಡ್ತೀಯ?” ಅಂದ ಮಂಜ. ಬಂದಿದ್ದು ಒಂಬತ್ತೂವರೆಗೆ. ಒಂದು ಮೆಸೇಜೂ ಹಾಕಿರಲಿಲ್ಲ.

ಪ್ರಕಾಶ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಅವನಿಗೆ ಇಷ್ಟು ಸಿಕ್ಕರೆ ಸಾಕು.

“ಡ್ರೋನ್‌ಗಳದ್ದೂ ಇದೇ ಗೋಳು ಕಣ್ರೋ. ಹತ್ತು ಡ್ರೋನ್ ಸಾಲಾಗಿ ಹಾರಬೇಕು, ಮೇಲೆ ಕೂತು ಆಡಿಸೋ ಯಜಮಾನ ಇಲ್ಲ. ಒಂದೊಂದೂ ಅಕ್ಕಪಕ್ಕದವರನ್ನ ಕೇಳ್ಕೊಂಡು ತನ್ನ ವೇಗ ಸರಿ ಮಾಡ್ಕೊಳ್ಳುತ್ತೆ. ಸದಾ ‘ಇಲ್ಲಿದ್ದೀನಿ, ಇಲ್ಲಿದ್ದೀನಿ’ ಅಂತಿದ್ರೆ ಬೇರೆಯವರ ಮಾತಿಗೆ ಜಾಗವೇ ಇರಲ್ಲ.”

“ಮತ್ತೆ ಮಂಜನ ಥರ ಸುಮ್ನಿರಬೇಕಾ?”

“ಅದೂ ಅಲ್ಲ. ಹಿಂದೆ ಏನು ಹೇಳಿದ್ದೀಯೋ ಅದಕ್ಕೂ ಈಗ ಇರೋದಕ್ಕೂ ಎಷ್ಟು ವ್ಯತ್ಯಾಸ ನೋಡ್ತಿರು. ಒಂದು ಗೆರೆ ದಾಟಿದಾಗ ಮಾತ್ರ ಬಾಯಿ ಬಿಡು. ಐದು ನಿಮಿಷ ತಡ ಆದ್ರೆ ಹೇಳಬೇಡ, ಒಂದೂವರೆ ಗಂಟೆ ಆದ್ರೆ ಹೇಳು. 2007ರಲ್ಲಿ ಪೌಲೊ ತಬುವಾದ ಅನ್ನೋರು ಇದಕ್ಕೆ ಗಟ್ಟಿ ಲೆಕ್ಕ ಕೊಟ್ಟರು. 2012ರಲ್ಲಿ ಡಿಮಾರೊಗೊನಾಸ್, ಇನ್ನಿಬ್ಬರು ಸೇರಿ ಗುಂಪಿಗೂ ಹೊಂದಿಸಿದರು. ಈವೆಂಟ್ ಟ್ರಿಗರ್ಡ್ ಕಂಟ್ರೋಲ್ ಅಂತ ಹೆಸರು. ಇದರಲ್ಲಿ ಮೌನವೂ ಸುದ್ದಿನೇ. ಏನೂ ಹೇಳ್ಲಿಲ್ಲ ಅಂದ್ರೆ ಹಳೇ ಮಾತು ಹೆಚ್ಚುಕಮ್ಮಿ ಹಾಗೇ ಇದೆ ಅಂತ.”

“ನಾನು ಹೇಳ್ಲಿಲ್ಲ ಅಂದ್ರೆ ಮಲಗಿದ್ದೀನಿ ಅಂತ” ಅಂದ ಮಂಜ, ಚಟ್ನಿ ಎಳೆದುಕೊಳ್ಳುತ್ತಾ.

“ಗೆರೆ ಎಲ್ಲಿ ಎಳೆಯೋದು?” ಅಂತ ನಾನು ಕೇಳಿದೆ. ಕೇಳಬಾರದಿತ್ತು. ಇನ್ನೊಂದು ಇಡ್ಲಿ ತಣ್ಣಗಾಯಿತು.

“ಅಲ್ಲೇ ಇರೋದು ತಾಪತ್ರಯ. ದೂರ ಎಳೆದರೆ ಸಾಲು ಅಂಕುಡೊಂಕು. ಹತ್ತಿರ ಎಳೆದರೆ ಝೀನೋ ಕಾಟ.”

“ಅದ್ಯಾವನು?”

“ಹಳೇ ಗ್ರೀಕ್ ಪಂಡಿತ. ‘ಅರ್ಧ ದಾರಿ ಬಂದೆ, ಉಳಿದದ್ದರಲ್ಲಿ ಅರ್ಧ ಬಂದೆ, ಅದರಲ್ಲೂ ಅರ್ಧ...’ ಒಂದೇ ನಿಮಿಷದೊಳಗೆ ಲೆಕ್ಕವಿಲ್ಲದಷ್ಟು ಮೆಸೇಜು. ಅದಕ್ಕೇ ಎರಡು ಮೆಸೇಜಿನ ನಡುವೆ ಇಷ್ಟಾದರೂ ಬಿಡುವು ಇದ್ದೇ ಇರುತ್ತೆ ಅಂತ ಮೊದಲೇ ಸಾಧಿಸಿ ತೋರಿಸಬೇಕು.”

ನಾನು ಗ್ರೂಪ್ ನೋಡಿದೆ. ‘ಬಟವಾಡಿ ಬಂತು.’ ‘ಬಟವಾಡಿ ದಾಟ್ತಿದ್ದೀನಿ.’ ‘ದಾಟಿದೆ.’ ‘ಹೋಟೆಲ್ ಕಾಣ್ತಿದೆ.’ ‘ಚೆನ್ನಾಗಿ ಕಾಣ್ತಿದೆ.’

ಅಷ್ಟರಲ್ಲಿ ರಾಜಣ್ಣನ ಫೋನ್ ಬಂತು. “ಎಲ್ರೋ ನೀವೆಲ್ಲ? ದುರ್ಗದ ಮೇಲೆ ಕೋತಿಗಳ ಜೊತೆ ಒಬ್ಬನೇ ಕೂತಿದ್ದೀನಿ. ಗ್ರೂಪಾ? ಸೀನನ ಕಾಟಕ್ಕೆ ನಿನ್ನೆ ಸಂಜೆನೇ ಮ್ಯೂಟ್ ಮಾಡ್ದೆ.”

“ಮೊದಲು ಇಡ್ಲಿ, ಆಮೇಲೆ ದುರ್ಗ ಅಂತ ರಾತ್ರಿನೇ ಹಾಕಿದ್ದೆನಲ್ಲ!” ಅಂತ ಸೀನ ರೇಗಿದ.

ಹುಡುಕಿದೆವು. ಹಾಕಿದ್ದ. ಅವನ ನಾಯಿಯ ಫೋಟೋಗೂ ಮೂರನೇ ಗುಡ್ ನೈಟ್‌ಗೂ ನಡುವೆ.