ಸಹಾಯ ಬೇಕು: ಎಚ್‌ಟಿಕಾಂಡರ್ ಲ್ಯಾಬ್‌ನಲ್ಲಿ ಚೆಕ್‌ಪಾಯಿಂಟ್ ಎಷ್ಟು ಹೊತ್ತಿಗೊಮ್ಮೆ?

ನಮಸ್ಕಾರ. ಗ್ರಿಡ್ ಕಂಪ್ಯೂಟಿಂಗ್ ಕೋರ್ಸಿನ ಲ್ಯಾಬ್‌ಗೆ ಎಚ್‌ಟಿಕಾಂಡರ್ (ಲೆಕ್ಕದ ಕೆಲಸಗಳನ್ನು, ಅಂದರೆ ಜಾಬ್‌ಗಳನ್ನು, ಬಿಡುವಿರುವ ಕಂಪ್ಯೂಟರುಗಳಿಗೆ ಹಂಚುವ ತಂತ್ರಾಂಶ) ಪೂಲ್ ಇದೆ: ಒಂದು ಸೆಂಟ್ರಲ್ ಮ್ಯಾನೇಜರ್ (ಹಂಚಿಕೆ ನೋಡಿಕೊಳ್ಳುವ ಮಷೀನು; ಜಾಬ್ ಸಲ್ಲಿಸುವುದು, ಅಂದರೆ ಸಬ್ಮಿಟ್, ಕೂಡ ಅಲ್ಲಿಂದಲೇ), ಜಾಬ್ ಓಡಿಸುವ ಮಷೀನು 4, ತಲಾ 4 ಕೋರ್, 8 ಜಿಬಿ ರ್‍ಯಾಮ್. ಸ್ವಿಚ್ 100 ಎಂಬಿಪಿಎಸ್.

ಮೊದಲ ತೊಡಕು ಬಗೆಹರಿದಿದೆ. ಜಾಬ್‌ಗೆ 4 ಜಿಬಿ ಕೇಳಿದರೆ ಮಷೀನಿಗೆ ಒಂದೇ ಓಡುತ್ತಿತ್ತು. ನಿಜಕ್ಕೂ ಸಿಗುವ ಮೆಮೊರಿ 8ಕ್ಕಿಂತ ತುಸು ಕಡಿಮೆ, ಎರಡನೆಯದು ಹಿಡಿಸದು. 1500 ಎಂಬಿಗೆ ಇಳಿಸಿದ ಮೇಲೆ 16 ಜಾಬ್ ಒಟ್ಟಿಗೆ ಓಡುತ್ತಿವೆ. (ಜಾಬ್ ಐಡಲ್ ಆಗಿ ಕೂತರೆ ಮೊದಲು ಅದು ಏಕೆ ಓಡುತ್ತಿಲ್ಲ ಎಂದು ತೋರಿಸುವ ಬೆಟರ್-ಅನಲೈಜ್ ನೋಡಿ, ಫೈರ್‌ವಾಲನ್ನು ಬೈಯುವುದು ಆಮೇಲೆ.)

ಉಳಿದದ್ದು ಇದು: ಯಾರಾದರೂ ಕೀಬೋರ್ಡ್ ಮುಟ್ಟಿದರೆ ಜಾಬ್ ಹೊರಬಿದ್ದು ಬೇರೆ ಕಡೆ ಸೊನ್ನೆಯಿಂದ ಶುರುವಾಗುತ್ತದೆ. 3 ಗಂಟೆಯ ಲೆಕ್ಕ ಹಗಲಲ್ಲಿ ಮುಗಿಯುವುದೇ ಇಲ್ಲ. 'ಆನ್ ಎಕ್ಸಿಟ್ ಆರ್ ಇವಿಕ್ಟ್' (ಜಾಬ್ ಮುಗಿದಾಗ ಅಥವಾ ಹೊರಬಿದ್ದಾಗ ಫೈಲ್ ಕಳಿಸುವ ಸೆಟ್ಟಿಂಗ್) ಹಾಕಿದರೂ, ನೇರ ಪವರ್ ಆರಿಸಿದಾಗ ಫೈಲ್ ಕಳಿಸಲು ಅದಕ್ಕೆ ಸಮಯವೇ ಸಿಗದು. ಹಾಗಾಗಿ ಪ್ರೋಗ್ರಾಮೇ ಆಗಾಗ ತನ್ನ ಸ್ಥಿತಿಯನ್ನು ಫೈಲಿಗೆ ಬರೆದು (ಇದೇ ಚೆಕ್‌ಪಾಯಿಂಟ್) 85 ಕೋಡಿನೊಂದಿಗೆ ನಿಲ್ಲುವಂತೆ ಮಾಡಿ, ಚೆಕ್‌ಪಾಯಿಂಟ್ ಎಕ್ಸಿಟ್ ಕೋಡ್ ಆಗಿ ಅದನ್ನೇ ಕೊಟ್ಟಿದ್ದೇವೆ; ಆ ಕೋಡ್ ಕಂಡರೆ ಎಚ್‌ಟಿಕಾಂಡರ್ ಫೈಲನ್ನು ಸಬ್ಮಿಟ್ ಮಷೀನಿಗೆ ಕಳಿಸಿ ಜಾಬನ್ನು ಮುಂದುವರಿಸುತ್ತದೆ. ಆದರೆ ಆ ಫೈಲು 300 ಎಂಬಿ. 16 ಜಾಬ್ ಒಟ್ಟಿಗೆ ಕಳಿಸಿದರೆ 4.8 ಜಿಬಿ, ಸಬ್ಮಿಟ್ ಮಷೀನಿನ ಲಿಂಕ್ ಆರೇಳು ನಿಮಿಷ ತುಂಬಿಹೋಗುತ್ತದೆ.

30 ನಿಮಿಷದ ಅಂತರ ಇಟ್ಟು, ಪ್ರತಿ ಜಾಬ್‌ನ ಆರಂಭವನ್ನು ಒಂದೆರಡು ನಿಮಿಷ ಹಿಂದುಮುಂದು ಮಾಡಿದರೆ ಸಾಕೇ? ಅಥವಾ ಸಬ್ಮಿಟ್ ಮಷೀನಿನ ಏಕಕಾಲದ ಡೌನ್‌ಲೋಡ್ ಮಿತಿಯನ್ನು 100ರಿಂದ 4ಕ್ಕೆ ಇಳಿಸಬೇಕೇ? ಸರದಿ ಕಾಯುವ ಜಾಬ್ ಕೋರ್ ಹಿಡಿದುಕೊಂಡೇ ಇರುತ್ತದಲ್ಲ, ಅದೇ ಅನುಮಾನ. ಗಿಗಾಬಿಟ್ ಸ್ವಿಚ್ ಈ ಸೆಮಿಸ್ಟರ್‌ನಲ್ಲಿ ಬರುವುದಿಲ್ಲ. ಇಂಥ ಪೂಲ್ ನಡೆಸಿದವರು ನಿಮ್ಮ ಸೆಟ್ಟಿಂಗ್ ತಿಳಿಸಿ.