ಒರಾಂಡಾ ಗೋಲ್ಡ್‌ಫಿಶ್ ಮೈ ಮೇಲಿನ ಬಿಳಿ ಚುಕ್ಕೆ ಔಷಧಿ ಹಾಕಿದರೂ ಹೋಗುತ್ತಿಲ್ಲ, ಯಾರಾದರೂ ಹೇಳಿ

ಕುಂದಾನಗರಿ
ತಲೆ ಕೆಟ್ಟುಹೋಗಿದೆ. ನಮ್ಮ ಒರಾಂಡಾ ಮೈ ತುಂಬ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಬಾಲ, ರೆಕ್ಕೆ, ತಲೆಯ ಮೇಲಿನ ಟೋಪಿಯಂಥ ಉಬ್ಬು, ಎಲ್ಲಾ ಕಡೆ. ಕಲ್ಲಿಗೆ ಮೈ ಉಜ್ಜುತ್ತದೆ, ಆಮೇಲೆ ರೆಕ್ಕೆ ಮುದುಡಿಕೊಂಡು ಮೂಲೆ ಸೇರುತ್ತದೆ. ತಿನ್ನುವುದು ಅರ್ಧಕ್ಕರ್ಧ ಕಡಿಮೆ. ಅಂಗಡಿಯಿಂದ ಬಿಳಿ ಚುಕ್ಕೆ ಔಷಧಿ ತಂದು ಬಾಟಲಿ ಮೇಲೆ ಬರೆದ ಹಾಗೇ ಹಾಕುತ್ತಿದ್ದೇನೆ. ಒಂದು ಚುಕ್ಕೆಯೂ ಹೋಗಿಲ್ಲ, ಜಾಸ್ತಿಯೇ ಆಗಿದೆ. ಅಂಗಡಿಯವನನ್ನು ಕೇಳಿದರೆ ಇನ್ನೊಂದು ಬಾಟಲಿ ತಗೊಳ್ಳಿ ಅನ್ನುತ್ತಾನೆ. ಔಷಧಿಯೇ ನಕಲಿನಾ? ಯಾವ ಔಷಧಿ ಕೆಲಸ ಮಾಡುತ್ತದೆ ಅಂತ ಹೇಳಿ, ಅಷ್ಟು ಸಾಕು.
ಟ್ಯಾಂಕ್ ಸ್ವಚ್ಛವಾಗಿಯೇ ಇದೆ, ಅದನ್ನು ಕೇಳಬೇಡಿ.

ಬಿಸಿನೀರು_ಬಸು
ಬ್ರೋ, ಇದು ಇಚ್, ಅಂದರೆ ಬಿಳಿ ಚುಕ್ಕೆ ಮಾಡುವ ಪರೋಪಜೀವಿ. ಕಣ್ಣು ಮುಚ್ಚಿ ಹೇಳುತ್ತೇನೆ. ಔಷಧಿಗೆ ದುಡ್ಡು ಸುರಿಯಬೇಡಿ. ಹೀಟರ್ ಹಾಕಿ 31 ಡಿಗ್ರಿಗೆ ಏರಿಸಿ. 30 ದಾಟಿದರೆ ಅದು ಮರಿ ಮಾಡುವುದನ್ನೇ ನಿಲ್ಲಿಸುತ್ತದೆ. ನನ್ನ ಗಪ್ಪಿ, ಏಂಜೆಲ್ ಮೀನು, ಎಲ್ಲಕ್ಕೂ ಇದೇ ಮದ್ದು.

ಉಪ್ಪಿನ_ಕಾಕಾ
ಹೀಟರ್ ಆಮೇಲೆ ನೋಡೋಣ. ಮೊದಲು ಉಪ್ಪು. ಲೀಟರ್‌ಗೆ 2 ಗ್ರಾಂ. ಒಂದೇ ಸಲ ಸುರಿಯಬೇಡಿ, ಒಂದು ದಿನದಲ್ಲಿ ಮೂರು ಕಂತು ಮಾಡಿ, ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಿ. ಗೋಲ್ಡ್‌ಫಿಶ್‌ಗೆ ಉಪ್ಪು ಚೆನ್ನಾಗಿ ಒಗ್ಗುತ್ತದೆ. ಕಲ್ಲುಪ್ಪೇ ಆಗಬೇಕು, ಪುಡಿ ಉಪ್ಪು ಬೇಡ. ಅದರಲ್ಲಿ ಅಯೋಡಿನ್ ಇರುತ್ತದೆ, ಮೀನಿಗೆ ವಿಷ.
ಟ್ಯಾಂಕ್ ಎಷ್ಟು ಲೀಟರ್? ಬೇರೆ ಮೀನು ಏನಿದೆ? ಯಾವ ಊರು?

ಕುಂದಾನಗರಿ
ಮೊದಲು, ನಾನು ಬ್ರೋ ಅಲ್ಲ. ಊರು ಹೆಸರಲ್ಲೇ ಇದೆಯಲ್ಲ ಕಾಕಾ, ಬೆಳಗಾವಿ. ಎರಡು ಅಡಿ ಟ್ಯಾಂಕ್. ಒರಾಂಡಾ ಹೆಸರು ಕುಂದಾ. ಜೊತೆಗೆ ಒಂದು ಶುಬಂಕಿನ್ ಗೋಲ್ಡ್‌ಫಿಶ್ ಇದೆ, ಅದು ಕರದಂಟು. ಅದಕ್ಕೂ ಒಂದಿಷ್ಟು ಚುಕ್ಕೆ ಬಂದಿದೆ, ಆದರೆ ಅದು ಆರಾಮಾಗಿ ಓಡಾಡಿಕೊಂಡಿದೆ. ಹೀಟರ್ ಇಲ್ಲ. ಗೋಲ್ಡ್‌ಫಿಶ್‌ಗೆ ಹೀಟರ್ ಬೇಡ ಅಂದಿದ್ದರು.
ಔಷಧಿ ಮ್ಯಾಲಕೈಟ್ ಗ್ರೀನ್ ಇರುವುದು. ಸಂಜೆ ಹಾಕಿದ ತಕ್ಷಣ ನೀರು ಹಸಿರು ನೀಲಿ ಆಗುತ್ತದೆ, ರಾತ್ರಿ ಲೈಟ್ ಆಫ್ ಮಾಡುತ್ತೇನೆ, ಬೆಳಗ್ಗೆ ಅಷ್ಟೊತ್ತಿಗೆ ಫಿಲ್ಟರ್ ಎಲ್ಲಾ ತಿಳಿ ಮಾಡಿಬಿಟ್ಟಿರುತ್ತದೆ. ಫಿಲ್ಟರ್ ಬಗ್ಗೆ ದೂರೇ ಇಲ್ಲ.

ಬಿಸಿನೀರು_ಬಸು
ಸಾರಿ ಮೇಡಂ. ಬೆಳಗಾವಿ ಅಂದರೆ ಈಗ ರಾತ್ರಿ ಚಳಿ ಇರುತ್ತದೆ ಅಲ್ವಾ? ಅದೇ ಕಾರಣ. ಹಗಲು 25, ರಾತ್ರಿ 18, ಹೀಗೆ ಏರಿಳಿದರೆ ಮೀನು ಸೋತು ಇಚ್ ಹಿಡಿಯುತ್ತದೆ. 100 ವ್ಯಾಟ್ ಹೀಟರ್ ತಗೊಳ್ಳಿ, 31ಕ್ಕೆ ಇಡಿ, ಮರೆತುಬಿಡಿ.

ಕರಾವಳಿ_ಗಾಳ
ಮಂಗಳೂರಿನಲ್ಲಿ ಹೀಟರ್ ಅಂದರೆ ನಗುತ್ತಾರೆ ಮಾರಾಯ್ರೇ. ನಮ್ಮ ನೀರು ವರ್ಷವಿಡೀ 28. ಹಾಗಂತ ಇಚ್ ಬರುವುದಿಲ್ಲ ಅಂತಲ್ಲ, ಹೊಸ ಮೀನು ತಂದು ಸೀದಾ ಟ್ಯಾಂಕಿಗೆ ಬಿಟ್ಟರೆ ಬಂದೇ ಬರುತ್ತದೆ. ನಾನು ಬಾದಾಮಿ ಮರದ ಒಣಗಿದ ಎಲೆ ಎರಡು ಹಾಕುತ್ತೇನೆ. ರಸ್ತೆ ಬದಿ ಬಿದ್ದಿರುತ್ತದೆ, ಪುಕ್ಕಟೆ.

ಉಪ್ಪಿನ_ಕಾಕಾ
ಎಲೆಯಿಂದ ಇಚ್ ಸಾಯುವುದಿಲ್ಲ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಬೆಟ್ಟಾ ಮೀನುಗಳಿಗೆ ಹಿತ, ಅಷ್ಟೇ. ಔಷಧಿ ಅಂತ ಹೇಳಿ ದಾರಿ ತಪ್ಪಿಸಬೇಡಿ.

ಕರಾವಳಿ_ಗಾಳ
ನಾನು ಔಷಧಿ ಅಂದೆನಾ? ನಿಮ್ಮ ಅಯೋಡಿನ್ ವಿಷದ ಕಥೆಗಿಂತ ನನ್ನ ಎಲೆ ವಾಸಿ. ಲೆಕ್ಕ ಹಾಕಿ ನೋಡಿ. ನಮ್ಮ ದೇಶದ ಅಯೋಡಿನ್ ಉಪ್ಪಿನಲ್ಲಿ ಅಂಗಡಿ ತಲುಪುವಾಗ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ಅದರ ಎರಡರಷ್ಟು, ಕಿಲೋ ಉಪ್ಪಿನಲ್ಲಿ 30 ಮಿಲಿಗ್ರಾಂ ಅಂತಲೇ ಇಟ್ಟುಕೊಳ್ಳಿ. ಲೀಟರ್‌ಗೆ 2 ಗ್ರಾಂ ಹಾಕಿದರೆ ಬೀಳುವ ಅಯೋಡಿನ್ 0.06 ಮಿಲಿಗ್ರಾಂ. ಇದು ವಿಷವಾ?

ಉಪ್ಪಿನ_ಕಾಕಾ
ಲೆಕ್ಕ ನಿಮ್ಮದು, ಮೀನು ನಮ್ಮದು. ಕಲ್ಲುಪ್ಪು ಇರುವಾಗ ಪುಡಿ ಉಪ್ಪು ಯಾಕೆ ಹಾಕಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ. ಪುಡಿ ಉಪ್ಪು ಗಂಟು ಕಟ್ಟದ ಹಾಗೆ ಬೇರೆ ಏನೇನೋ ಸೇರಿಸಿರುತ್ತಾರೆ.

ಹಸಿರುತೊಟ್ಟಿ
ದಯವಿಟ್ಟು ಗಿಡ ಇರುವ ಟ್ಯಾಂಕಿಗೆ ಉಪ್ಪು ಹಾಕಬೇಡಿ, ವ್ಯಾಲಿಸ್ನೇರಿಯಾ ಕರಗಿಹೋಗುತ್ತದೆ. ಬಸವನ ಹುಳ, ಲೋಚ್ ಮೀನು ಇದ್ದರೂ ಹುಷಾರು. ನನ್ನದು ಆರು ಅಡಿ ಟ್ಯಾಂಕ್, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಎರಡು ಕ್ಯಾನಿಸ್ಟರ್ ಫಿಲ್ಟರ್. ಅದರಲ್ಲಿ ಮಿಸ್ ಕೇರಳ ಮೀನಿನ ಗುಂಪು ಇದೆ. ಕೆಂಪು ಗೆರೆ ಬೆಳಕಿಗೆ ಹೊಳೆಯುವುದನ್ನು ನೋಡಬೇಕು. ತಣ್ಣನೆ ನೀರು, ಜೋರು ಹರಿವು, ಅಷ್ಟು ಕೊಟ್ಟರೆ ಕಾಯಿಲೆಯೇ ಬರುವುದಿಲ್ಲ. ಫೋಟೋ ಹಾಕಲಾ?

ಕರಾವಳಿ_ಗಾಳ
ಮಿಸ್ ಕೇರಳ ಪಶ್ಚಿಮ ಘಟ್ಟದ ಹೊಳೆಯ ಮೀನು, ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದದ್ದಾ, ಸಾಕಿ ಮರಿ ಮಾಡಿಸಿದ್ದಾ?

ಹಸಿರುತೊಟ್ಟಿ
ಮರಿ ಮಾಡಿಸಿದ್ದೇ ಸ್ವಾಮಿ. ಬಿಲ್ ಇದೆ.

ಕುಂದಾನಗರಿ
ನನ್ನ ಟ್ಯಾಂಕಿನಲ್ಲಿ ಗಿಡ ಇಲ್ಲ, ಬಸವನ ಹುಳ ಇಲ್ಲ, ಮಿಸ್ ಕೇರಳ ಅಂತೂ ಇಲ್ಲವೇ ಇಲ್ಲ. ಉಪ್ಪು ಹಾಕಿದೆ ಕಾಕಾ. ಹೀಟರ್ ತಂದು ಬಸು ಹೇಳಿದ ಹಾಗೆ 31ಕ್ಕೆ ಇಟ್ಟೆ. ಈಗ ಕುಂದಾ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ. ಚುಕ್ಕೆ ಹಾಗೇ ಇದೆ. ಇದೆಂಥ ಮದ್ದು?

ಬಿಸಿನೀರು_ಬಸು
ಇನ್ನೂ ಎರಡು ದಿನ ಕಾಯಿರಿ. ಅರ್ಧಕ್ಕೆ ಇಳಿಸಿದರೆ ಮತ್ತೆ ಶುರುವಾಗುತ್ತದೆ.

ಉಪ್ಪಿನ_ಕಾಕಾ
ಕಾಯಬೇಡ ತಂಗಿ! ತಕ್ಷಣ ಏರೇಟರ್ ಜೋರು ಮಾಡು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. 20 ಡಿಗ್ರಿಯಲ್ಲಿ ಲೀಟರ್‌ಗೆ ಹೆಚ್ಚು ಕಡಿಮೆ 9 ಮಿಲಿಗ್ರಾಂ ಹಿಡಿಯುತ್ತದೆ, 30ಕ್ಕೆ 7.5. ಇಚ್ ಕಿವಿರಿನಲ್ಲೂ ಕೂತಿರುತ್ತದೆ, ಮೀನಿಗೆ ಮೊದಲೇ ಉಸಿರಾಟ ಕಷ್ಟ. ಗಪ್ಪಿಗೆ ಹೇಳುವ ಮದ್ದನ್ನು ಒರಾಂಡಾಗೆ ಹೇಳಿದರೆ ಹೀಗೇ ಆಗುವುದು. ಬಸು, ನೀನು ಗೋಲ್ಡ್‌ಫಿಶ್ ಸಾಕಿದ್ದೀಯಾ?

ಬಿಸಿನೀರು_ಬಸು
ಗೋಲ್ಡ್‌ಫಿಶ್ ಸಾಕುವವರು ಎರಡು ಅಡಿ ಟ್ಯಾಂಕಿನಲ್ಲಿ ಎರಡೆರಡು ಇಡುತ್ತಾರೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಂದು ಗೋಲ್ಡ್‌ಫಿಶ್ ಎಷ್ಟು ಗಲೀಜು ಮಾಡುತ್ತದೆ ಗೊತ್ತಾ? ಅಮೋನಿಯಾ ಟೆಸ್ಟ್ ಮಾಡಿದ್ದೀರಾ ಮೇಡಂ?

ಕುಂದಾನಗರಿ
ಏರೇಟರ್ ಜೋರು ಮಾಡಿದೆ, ಹೀಟರ್ 26ಕ್ಕೆ ಇಳಿಸಿದೆ. ಉಸಿರಾಟ ಸ್ವಲ್ಪ ಸರಿಯಾಗಿದೆ. ಟೆಸ್ಟ್ ಕಿಟ್ ಪಕ್ಕದ ಮನೆಯವರ ಹತ್ತಿರ ಇತ್ತು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಟ್ಯಾಂಕ್ ಚಿಕ್ಕದು ಅನ್ನುವುದು ಗೊತ್ತು, ಮನೆಯಲ್ಲಿ ಜಾಗ ಇರುವುದೇ ಅಷ್ಟು. ನಾನು ಕೇಳಿದ್ದು ಔಷಧಿ ಯಾಕೆ ಹಿಡಿಯುತ್ತಿಲ್ಲ ಅಂತ. ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಸ್ಪಂಜ್_ಫಿಲ್ಟರ್
ಮೇಲಿಂದ ಓದಿಕೊಂಡು ಬಂದೆ. ಬೆಳಗ್ಗೆ ಅಷ್ಟೊತ್ತಿಗೆ ನೀರು ತಿಳಿಯಾಗುತ್ತದೆ ಅಂದಿರಲ್ಲ, ಅದು ಒಳ್ಳೆ ಲಕ್ಷಣ ಅಲ್ಲ. ಫಿಲ್ಟರ್ ಒಳಗೆ ಏನೇನಿದೆ?

ಕುಂದಾನಗರಿ
ಹ್ಯಾಂಗ್ ಆನ್ ಫಿಲ್ಟರ್. ಸ್ಪಂಜ್ ಇದೆ, ಆ ಬಿಳಿ ಉಂಗುರಗಳಿವೆ, ಕಪ್ಪು ಹರಳು ತುಂಬಿದ ಒಂದು ಬಲೆ ಚೀಲ ಇದೆ. ಔಷಧಿಯ ಜೊತೆ ಅದನ್ನೂ ಹೊಸದು ಹಾಕಿ, ನೀರು ಚೆನ್ನಾಗಿರುತ್ತದೆ ಅಂತ ಅಂಗಡಿಯವನೇ ಕೊಟ್ಟ.

ಸ್ಪಂಜ್_ಫಿಲ್ಟರ್
ಆ ಕಪ್ಪು ಹರಳೇ ಆಕ್ಟಿವೇಟೆಡ್ ಕಾರ್ಬನ್. ಬಣ್ಣ, ವಾಸನೆ, ಔಷಧಿ, ಎಲ್ಲವನ್ನೂ ಹೀರುತ್ತದೆ. ನೀವು ಸಂಜೆ ಹಾಕಿದ ಮ್ಯಾಲಕೈಟ್ ಗ್ರೀನ್ ರಾತ್ರಿ ಆ ಚೀಲದ ಪಾಲಾಗಿದೆ. ಔಷಧಿ ನಕಲಿ ಅಲ್ಲ. ಮೀನಿಗೆ ಸಿಗುತ್ತಿಲ್ಲ, ಅಷ್ಟೇ.

ಹಸಿರುತೊಟ್ಟಿ
ಮ್ಯಾಲಕೈಟ್ ಬೆಳಕಿಗೂ ಬಣ್ಣ ಕಳೆದುಕೊಳ್ಳುತ್ತದೆ. ಕಾರ್ಬನ್ನೇ ಅಂತ ಹೇಗೆ ಹೇಳುತ್ತೀರಿ?

ಸ್ಪಂಜ್_ಫಿಲ್ಟರ್
ಬೆಳಕಿಗೆ ಕರಗುವುದು ಹೌದು. ಆದರೆ ಇವರು ಹಾಕಿದ್ದು ಸಂಜೆ, ರಾತ್ರಿಯೆಲ್ಲ ಲೈಟ್ ಆಫ್. ಚೀಲ ತೆಗೆದು ಒಂದು ಸಲ ಹಾಕಿ ನೋಡಲಿ, ಬೆಳಗ್ಗೆ ಬಣ್ಣ ಉಳಿದರೆ ಗೊತ್ತಾಗುತ್ತದೆ.
ಇನ್ನೊಂದು ಮಾತು. ಮೀನಿನ ಮೇಲೆ ಕಾಣುವ ಚುಕ್ಕೆಗೆ ಯಾವ ಔಷಧಿಯೂ ತಟ್ಟುವುದಿಲ್ಲ, ಅದು ಚರ್ಮದ ಒಳಗೆ ಕೂತಿರುತ್ತದೆ. ಬಲಿತ ಮೇಲೆ ತಾನೇ ಉದುರಿ ಕೆಳಗೆ ಕಲ್ಲಿಗೆ ಅಂಟಿಕೊಂಡು, ಒಂದು ಹೋಗಿ ನೂರಾರು ಆಗುತ್ತದೆ. ಆ ಮರಿಗಳು ಮೀನು ಹುಡುಕಿಕೊಂಡು ಈಜುತ್ತವಲ್ಲ, ಆಗ ಮಾತ್ರ ಔಷಧಿಗೆ ಸಾಯುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೂ ಸಾಯುತ್ತವೆ. ಅದಕ್ಕೇ ನೀರಿನಲ್ಲಿ ಔಷಧಿ ಬಿಡುವಿಲ್ಲದೆ ಇರಬೇಕು. ರಾತ್ರಿ ಮಾತ್ರ ಇದ್ದು ಬೆಳಗ್ಗೆ ಹೋದರೆ ಪ್ರಯೋಜನ ಇಲ್ಲ.
ಬಸು ಹೇಳಿದ್ದರಲ್ಲಿ ಅರ್ಧ ಸರಿ. 26 ಡಿಗ್ರಿಯಲ್ಲಿ ಈ ಸುತ್ತು ವಾರದೊಳಗೆ ಮುಗಿಯುತ್ತದೆ, 15ಕ್ಕೆ ಇಳಿದರೆ ಇನ್ನೂ ಎಷ್ಟೋ ದಿನ ಎಳೆಯುತ್ತದೆ. ಹಾಗಾಗಿ 26 ಇರಲಿ, 31 ಬೇಡ.

ಬಿಸಿನೀರು_ಬಸು
ಅರ್ಧ ಅಲ್ಲ, ಮುಕ್ಕಾಲು ಸರಿ. 🙂

ಕುಂದಾನಗರಿ
ಚೀಲ ತೆಗೆದೆ. ಇಂದು ಬೆಳಗ್ಗೆಯೂ ನೀರು ನೀಲಿ ಇದೆ! ಇನ್ನು ಏನು ಮಾಡಬೇಕು ಅಂತ ಸರಿಯಾಗಿ ಹೇಳಿ. ಬಾಟಲಿಯಲ್ಲಿ ಲೀಟರ್ ಲೆಕ್ಕ ಇದೆ, ನಾನು ಅಂದಾಜಿನಲ್ಲಿ ಹಾಕುತ್ತಿದ್ದೆ.

ಸ್ಪಂಜ್_ಫಿಲ್ಟರ್
ಅಂದಾಜು ಬೇಡ. ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರ್‌ನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿ. 60, 30, 35 ಇದ್ದರೆ 63 ಲೀಟರ್. ಕಲ್ಲಿನ ಜಾಗ ಕಳೆದರೆ 55 ಅಂತ ಇಟ್ಟುಕೊಳ್ಳಿ. ಪ್ರತಿ ಸಲ ಔಷಧಿ ಹಾಕುವ ಮೊದಲು ಸೈಫನ್ ಪೈಪನ್ನು ಕಲ್ಲಿನೊಳಗೆ ಆಡಿಸಿ ಕಾಲು ಭಾಗ ನೀರು ತೆಗೆಯಿರಿ, ಮೀನಿನಿಂದ ಉದುರಿ ಕಲ್ಲಿಗೆ ಅಂಟಿದ ಇಚ್ ಗೂಡುಗಳು ಒಂದಿಷ್ಟು ಅಲ್ಲೇ ಹೋಗುತ್ತವೆ. ಹೊಸ ನೀರು ಅದೇ ಉಷ್ಣತೆಯದ್ದಾಗಿರಲಿ, ನಲ್ಲಿ ನೀರಾದರೆ ಕ್ಲೋರಿನ್ ತೆಗೆದು ಹಾಕಿ. ಕೊನೇ ಚುಕ್ಕೆ ಹೋದ ಮೇಲೂ ಒಂದು ವಾರ ಬಿಡಬೇಡಿ. ಸ್ಪಂಜ್, ಉಂಗುರ ಮುಟ್ಟಬೇಡಿ. ಈ ಔಷಧಿಗಳು ಅಲ್ಲಿನ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡಬಹುದು, ಅಮೋನಿಯಾ ದಿನಾ ನೋಡಿ. ಕೈಗವಸು ಹಾಕಿಕೊಳ್ಳಿ, ಮ್ಯಾಲಕೈಟ್ ಚರ್ಮಕ್ಕೆ ಒಳ್ಳೆಯದಲ್ಲ. ತಿನ್ನುವ ಮೀನಿಗೆ ಅದನ್ನು ಬಳಸುವಂತೆಯೇ ಇಲ್ಲ.

ಉಪ್ಪಿನ_ಕಾಕಾ
ಉಪ್ಪಿನ ಲೆಕ್ಕವನ್ನೂ ನೆನಪಿಡು ತಂಗಿ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಆವಿಯಾದಷ್ಟು ನೀರು ತುಂಬಿಸುವಾಗ ಮತ್ತೆ ಉಪ್ಪು ಹಾಕಬಾರದು. ನೀನು ಹೊರಗೆ ತೆಗೆದ ನೀರಿಗೆ ಮಾತ್ರ ಹಾಕು. ಕಲ್ಲುಪ್ಪು.

ಕರಾವಳಿ_ಗಾಳ
ಯಾವ ಉಪ್ಪಾದರೂ ಆಗುತ್ತದೆ.

ಉಪ್ಪಿನ_ಕಾಕಾ
ಕಲ್ಲುಪ್ಪು.

ಕುಂದಾನಗರಿ
ಎಲ್ಲರಿಗೂ ಥ್ಯಾಂಕ್ಸ್. ಕುಂದಾ ಮೈ ಪೂರ್ತಿ ಸ್ವಚ್ಛ. ರೆಕ್ಕೆ ಬಿಚ್ಚಿಕೊಂಡು ಓಡಾಡುತ್ತಿದೆ, ನಾನು ಹತ್ತಿರ ಹೋದರೆ ಗಾಜಿಗೆ ಬಾಯಿ ಹಚ್ಚಿ ಊಟ ಕೇಳುತ್ತದೆ. ಸ್ಪಂಜ್_ಫಿಲ್ಟರ್ ಅವರೇ, ನೀವು ಮೊದಲೇ ಬರಬಾರದಿತ್ತಾ?
ಆದರೆ ಕರದಂಟು ಚುಕ್ಕೆ ಮಾತ್ರ ಹೋಗುತ್ತಿಲ್ಲ. ಔಷಧಿ ಪೂರ್ತಿ ಮುಗಿಯಿತು.

ಬಿಸಿನೀರು_ಬಸು
ನಾನು ಹೇಳಿದ್ದೆ. 31.

ಸ್ಪಂಜ್_ಫಿಲ್ಟರ್
ತಡೆಯಿರಿ. ಕರದಂಟು ಚುಕ್ಕೆ ಎಲ್ಲೆಲ್ಲಿದೆ? ಮೈ ತುಂಬ ಚೆಲ್ಲಾಪಿಲ್ಲಿ ಇದೆಯಾ, ಅಥವಾ ಕಿವಿರು ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಇದೆಯಾ?

ಕುಂದಾನಗರಿ
ಕಿವಿರು ಮುಚ್ಚಳ, ರೆಕ್ಕೆ ಅಂಚು. ಬೇರೆಲ್ಲೂ ಇಲ್ಲ. ಒಂದೇ ಅಳತೆ, ಸಾಲಾಗಿ.

ಸ್ಪಂಜ್_ಫಿಲ್ಟರ್
ಹಾಗಾದರೆ ಅದು ಕಾಯಿಲೆ ಅಲ್ಲ. ಕರದಂಟು ಗಂಡು, ಬೆದೆಗೆ ಬಂದಿದೆ. ಗಂಡು ಗೋಲ್ಡ್‌ಫಿಶ್‌ಗಳಿಗೆ ಆ ಸಮಯದಲ್ಲಿ ಅಲ್ಲೇ ಸಣ್ಣ ಬಿಳಿ ಗುಳ್ಳೆ ಏಳುತ್ತದೆ, ತಾನಾಗಿಯೇ ಹೋಗುತ್ತದೆ. ಮುಂಚೆ ಮೈ ಮೇಲೆ ಒಂದೆರಡು ಇಚ್ ಚುಕ್ಕೆ ಇದ್ದಿರಬಹುದು, ಅದು ಹೋಗಿದೆ. ಇನ್ನು ಅದಕ್ಕೆ ಔಷಧಿ ಬೇಡ. ಈಗ ಹೊಸ ಕಾರ್ಬನ್ ಎರಡು ದಿನ ಹಾಕಿ, ನೀರಿನಲ್ಲಿ ಉಳಿದ ಔಷಧಿ ಹೀರಿಕೊಳ್ಳಲಿ. ಆಮೇಲೆ ತೆಗೆದು ಎಸೆಯಿರಿ. ಹಳೆಯದನ್ನು ತೊಳೆದು ಹಾಕಬೇಡಿ.

ಹಸಿರುತೊಟ್ಟಿ
ನನ್ನ ಕ್ಯಾನಿಸ್ಟರ್‌ನಲ್ಲಿ ಕಾರ್ಬನ್ ಇಡುವುದೇ ಇಲ್ಲ. ಗಿಡಗಳೇ ಎಲ್ಲಾ ನೋಡಿಕೊಳ್ಳುತ್ತವೆ. ಫೋಟೋ ಕೆಳಗೆ ಹಾಕಿದ್ದೇನೆ, ಎಡಗಡೆಯದು ಬುಸೆಫಲಾಂಡ್ರಾ ಗಿಡ.

ಕುಂದಾನಗರಿ
ಗಂಡಾ! ಅದಕ್ಕೇ ಕುಂದಾ ಹಿಂದೆ ಬಿದ್ದು ಇಡೀ ದಿನ ಅಟ್ಟಿಸಿಕೊಂಡು ಹೋಗುತ್ತದೆ. ಹೊಟ್ಟೆಗೆ ಗುದ್ದುತ್ತದೆ ಬೇರೆ. ಈಗಷ್ಟೇ ಚೇತರಿಸಿಕೊಂಡ ಮೀನು, ಏನಾದರೂ ಆದರೆ? ನಡುವೆ ಏನಾದರೂ ಅಡ್ಡ ಇಡಲಾ?

ಉಪ್ಪಿನ_ಕಾಕಾ
ಇಡು. ಅಂಗಡಿಯಲ್ಲಿ ತೂತು ಇರುವ ಪ್ಲಾಸ್ಟಿಕ್ ಅಡ್ಡಪಟ್ಟಿ ಸಿಗುತ್ತದೆ, ನೀರು ಹರಿಯುತ್ತದೆ, ಮೀನು ದಾಟುವುದಿಲ್ಲ. ಕುಂದಾ ಹತ್ತು ಹದಿನೈದು ದಿನ ಸುಧಾರಿಸಿಕೊಳ್ಳಲಿ. ಊಟ ದಿನಕ್ಕೆ ಎರಡು ಸಲ, ಮುಳುಗುವ ಗುಳಿಗೆ ನೆನೆಸಿ ಕೊಡು. ನಡುವೆ ಒಂದು ದಿನ ಸಿಪ್ಪೆ ತೆಗೆದ ಬೇಯಿಸಿದ ಬಟಾಣಿ. ಅಷ್ಟರಲ್ಲಿ ಗಾಜಿನ ಮೇಲೆ ಅಂಟಂಟು ಮೊಟ್ಟೆ ಕಂಡರೆ ಗಾಬರಿಯಾಗಬೇಡ. ಬಿಟ್ಟರೆ ಅವೇ ತಿಂದು ಮುಗಿಸುತ್ತವೆ.